ಕಾಲ್ಚೆಂಡಾಟಗಾರರ ಅಂಗಿಯ ಬಣ್ಣ

ಕಳೆದ ಮಳೆಗಾಲದ ಒಂದು ಶನಿವಾರ ನಮ್ಮ ಶಾಲೆಯ ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ಹುಡುಗರು ಮೈದಾನದಲ್ಲಿ ಕಾಲ್ಚೆಂಡು ಆಡುತ್ತಿದ್ದರು. ಎಲ್ಲರೂ ಶಾಲೆಯ ಸಮವಸ್ತ್ರದಲ್ಲಿಯೇ ಇದ್ದರು. ಒಂಬತ್ತನೆಯ ತರಗತಿಯವನೊಬ್ಬನು ಚೆಂಡನ್ನು ಬಲು ಚೆನ್ನಾಗಿ ಸಾಗಿಸಿಕೊಂಡು ಬಂದು, ಪಕ್ಕದಲ್ಲಿ ಕಂಡ ಬಿಳಿಯ ಅಂಗಿಗೆ ಅದನ್ನು ಒಪ್ಪಿಸಿದನು. ಆ ಅಂಗಿಯೊಳಗೆ ಇದ್ದವನು ಎದುರು ತಂಡದವನು! ಮರುಗಳಿಗೆಯಲ್ಲಿ ಗೋಲಾಯಿತು, ಅದರ ಬೆನ್ನಿಗೇ ಜಗಳವೂ ಆಯಿತು. ಒಂದು ತಂಡದವರು ಅಂಗಿ ಕಳಚಿ ಬನಿಯನ್ನಿನಲ್ಲಿ ಆಡಬೇಕೆಂದು ತೀರ್ಮಾನವಾಯಿತು; ಬನಿಯನ್ನೂ ಬಿಳಿಯದೇ ಎಂಬುದು ಕಳಚಿದ ಮೇಲೆ ತಿಳಿಯಿತು. ಕೊನೆಗೆ ಹುಡುಗಿಯರಿಂದ ಕೆಂಪು ರಿಬ್ಬನ್ನುಗಳನ್ನು ಕಡ ತಂದು ತೋಳಿಗೆ ಕಟ್ಟಿಕೊಂಡು ಆಟವನ್ನು ಮುಂದುವರಿಸಿದರು.

ಈ ಹುಡುಗರು ತಮಗರಿವಿಲ್ಲದೆಯೇ ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಗಿದ್ದರು. ಆಂಗ್ಲ ದೇಶದಲ್ಲಿ ಈ ಆಟದ ನಿಯಮಗಳು 1863ನೆಯ ಇಸವಿಯಲ್ಲಿ ಬರಹಕ್ಕೆ ಇಳಿದಾಗ ಆಟಗಾರರಿಗೆ ಪ್ರತ್ಯೇಕವಾದ ಉಡುಪೆಂಬುದೇ ಇರಲಿಲ್ಲ. ಕೈಗೆ ಸಿಕ್ಕಿದ ಅಂಗಿಯನ್ನು ತೊಟ್ಟು ಬರುತ್ತಿದ್ದರು. ಇಂಥವನು ಇಂಥ ತಂಡದವನೆಂದು ತಿಳಿಯುವುದು ತಲೆಯ ಟೊಪ್ಪಿಗೆಯ ಬಣ್ಣದಿಂದ, ಇಲ್ಲವೆ ಮೈಮೇಲೆ ಅಡ್ಡಲಾಗಿ ಕಟ್ಟಿದ ಪಟ್ಟಿಯಿಂದ. 1867ರಲ್ಲಿ ಪ್ರಕಟವಾದ ಅಲ್ಲಿಯ ಒಂದು ಕೈಪಿಡಿಯು, ಸಾಧ್ಯವಾದರೆ ಒಂದು ಪಕ್ಷದವರು ಕೆಂಪು ಪಟ್ಟೆಯ ಅಂಗಿಯನ್ನೂ ಇನ್ನೊಂದು ಪಕ್ಷದವರು ನೀಲಿ ಪಟ್ಟೆಯ ಅಂಗಿಯನ್ನೂ ತೊಡುವುದು ಒಳಿತೆಂದು ಸಲಹೆ ಕೊಟ್ಟಿತು. ತಮ್ಮವನಿಂದಲೇ ಚೆಂಡನ್ನು ಕಿತ್ತುಕೊಳ್ಳುವ ಗೊಂದಲ ತಪ್ಪಬೇಕೆಂಬುದು ಅದರ ಉದ್ದೇಶ. ಅಂಗಿಯ ಬಣ್ಣವು ಮೊದಲು ಹುಟ್ಟಿದ್ದು ಅಭಿಮಾನದಿಂದಲ್ಲ, ಅಂದಕ್ಕಾಗಿಯೂ ಅಲ್ಲ, ಗುರುತಿಗಾಗಿ.

ಪಂದ್ಯಗಳು ಹೆಚ್ಚಿದಂತೆ ಹೊಸ ತೊಡಕು ಎದುರಾಯಿತು. ಸಂಘಗಳು ನೂರಾರು, ಅಗ್ಗವಾಗಿ ಸಿಗುವ ಬಣ್ಣಗಳು ಕೆಲವೇ. ಎರಡು ಕೆಂಪು ತಂಡಗಳು ಎದುರುಬದುರಾದರೆ ಗತಿಯೇನು? 1890ರಲ್ಲಿ ಅಲ್ಲಿಯ ಲೀಗಿನವರು ಯಾವ ಎರಡು ಸಂಘಗಳೂ ಒಂದೇ ಬಗೆಯ ಬಣ್ಣವನ್ನು ನೋಂದಾಯಿಸಕೂಡದೆಂದು ಕಟ್ಟಳೆ ಮಾಡಿದರು. ಅದು ನಡೆಯುವಂಥದಾಗಿರಲಿಲ್ಲ. ಆದುದರಿಂದ ಪ್ರತಿಯೊಂದು ಸಂಘವೂ ಬೇರೆ ಬಣ್ಣದ ಎರಡನೆಯ ಜೊತೆ ಅಂಗಿಗಳನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕೆಂದು ನಿಯಮವನ್ನು ಬದಲಿಸಿದರು. ಆಗ ಅಂಗಿ ಬದಲಿಸಬೇಕಾದವರು ಆತಿಥ್ಯ ನೀಡುವ ಊರಿನವರೇ. ಅತಿಥಿಗಳು ತಮ್ಮ ಬಣ್ಣದಲ್ಲಿಯೇ ಆಡಬಹುದಾಗಿತ್ತು. ಈ ಸೌಜನ್ಯ 1921ರವರೆಗೆ ನಡೆಯಿತು. ಅಂದಿನಿಂದ ಬಣ್ಣ ಬದಲಿಸುವ ಪಾಳಿ ಅತಿಥಿಗಳದಾಯಿತು. ಗೋಲ್‌ಕೀಪರನಿಗೆ ಪ್ರತ್ಯೇಕ ಬಣ್ಣ ಬಂದುದು 1909ರಲ್ಲಿ. ಅಂಗಿಯ ಬೆನ್ನಿನ ಮೇಲಿನ ಅಂಕೆಗಳು ಇನ್ನೂ ತಡವಾಗಿ ಬಂದವು. 1933ರ ಆಂಗ್ಲ ಕಪ್ಪಿನ ಅಂತಿಮ ಪಂದ್ಯದಲ್ಲಿ ಎವರ್ಟನ್ ತಂಡದವರು 1ರಿಂದ 11ರವರೆಗೂ ಮ್ಯಾಂಚೆಸ್ಟರ್ ಸಿಟಿಯವರು 12ರಿಂದ 22ರವರೆಗೂ ಅಂಕೆಗಳನ್ನು ತೊಟ್ಟು ಆಡಿದರು.

ಇನ್ನು, ಇಂಥ ಸಂಘಕ್ಕೆ ಇಂಥ ಬಣ್ಣವೇ ಏಕೆ? ದೊಡ್ಡ ದೊಡ್ಡ ಅರ್ಥಗಳನ್ನು ಹುಡುಕುವವರಿಗೆ ಇಲ್ಲಿ ನಿರಾಶೆ ಕಾದಿದೆ. ಬಹಳ ಕಡೆಗಳಲ್ಲಿ ಬಣ್ಣ ಬಂದುದು ಆಕಸ್ಮಿಕವಾಗಿ. ಲಂಡನ್ನಿನ ಆರ್ಸೆನಲ್ ಸಂಘವನ್ನು 1886ರಲ್ಲಿ ಕಟ್ಟಿದವರು ಶಸ್ತ್ರಾಸ್ತ್ರ ಕಾರ್ಖಾನೆಯೊಂದರ ಕೆಲಸಗಾರರು, ನಮ್ಮ ಖಡಕಿಯ ಕಾರ್ಖಾನೆಯಂಥದೇ ಎನ್ನಿ. ಅವರಲ್ಲಿ ಅಂಗಿಗಳಿಗೆ ಹಣವಿರಲಿಲ್ಲ. ಅವರ ಪೈಕಿ ಮೊದಲು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದಲ್ಲಿ ಆಡಿದ್ದವನೊಬ್ಬನು ತನ್ನ ಹಳೆಯ ಗೆಳೆಯರಿಗೆ ಕಾಗದ ಬರೆದನು. ಅವರು ಕೆಂಪು ಅಂಗಿಗಳನ್ನೂ ಒಂದು ಚೆಂಡನ್ನೂ ಕಳುಹಿಸಿಕೊಟ್ಟರು. ಇಂದಿಗೂ ಆರ್ಸೆನಲ್ಲಿನ ಬಣ್ಣ ಕೆಂಪು. ಇಟಲಿಯ ತೂರಿನ್ ನಗರದ ಯುವೆಂತಸ್ ಸಂಘವನ್ನು 1897ರಲ್ಲಿ ಕಟ್ಟಿದವರಂತೂ ನಿಮ್ಮಂತೆಯೇ ಶಾಲೆಯ ವಿದ್ಯಾರ್ಥಿಗಳು. ಅವರ ಮೊದಲ ಅಂಗಿ ಗುಲಾಬಿ ಬಣ್ಣದ್ದು. ಒಗೆದೂ ಒಗೆದೂ ಆ ಬಣ್ಣ ಮಾಸಿಹೋಯಿತು. ಬಿಡದ ಬಣ್ಣ ಬೇಕೆಂದು 1903ರಲ್ಲಿ ಆಂಗ್ಲ ದೇಶದಿಂದ ತರಿಸಿದಾಗ ಅಲ್ಲಿಂದ ಬಂದವು ನಾಟ್ಸ್ ಕೌಂಟಿ ತಂಡದ ಕಪ್ಪು ಬಿಳಿ ಪಟ್ಟೆಯ ಅಂಗಿಗಳು. ಅವನ್ನೇ ತೊಟ್ಟರು, ಇಂದು ಆ ಪಟ್ಟೆಗಳನ್ನು ಕಂಡರೆ ಜಗತ್ತೆಲ್ಲ ಯುವೆಂತಸ್ ಎನ್ನುತ್ತದೆಯೇ ಹೊರತು ನಾಟ್ಸ್ ಕೌಂಟಿಯ ಹೆಸರನ್ನು ಹೇಳುವವರು ವಿರಳ.

ನಮ್ಮ ದೇಶದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕಲಕತ್ತೆಯಲ್ಲಿ 1920ರಲ್ಲಿ ಈಸ್ಟ್ ಬೆಂಗಾಲ್ ಸಂಘವನ್ನು ಕಟ್ಟಿದವರು ಅಂಗಿಗಾಗಿ ಅಲೆಯುತ್ತಿರುವಾಗ ಚೌರಂಗಿಯ ದೊಡ್ಡ ಅಂಗಡಿಯೊಂದರಲ್ಲಿ ತೂಗುಹಾಕಿದ್ದ ಕೆಂಪು ಮತ್ತು ಹೊನ್ನಿನ ಬಣ್ಣದ ಅಂಗಿಯನ್ನು ನೋಡಿ ಮೆಚ್ಚಿಕೊಂಡರೆಂದು ಪ್ರತೀತಿ ಇದೆ. ಆದರೆ ದೇಶವಿಭಜನೆಯ ಬಳಿಕ ಪೂರ್ವ ಬಂಗಾಳದಿಂದ ಮನೆಮಾರು ಬಿಟ್ಟು ಬಂದ ಲಕ್ಷಾಂತರ ಜನರಿಗೆ ಆ ಎರಡು ಬಣ್ಣಗಳು ಬಿಟ್ಟುಬಂದ ಊರೇ ಆದವು. ನಮಗೆ ವಿಶೇಷ ಸಂತೋಷ ಕೊಡುವ ಸಂಗತಿಯೊಂದು ಇಲ್ಲಿದೆ. 1949ರಿಂದ 1953ರವರೆಗೆ ಆ ಸಂಘದ ಐವರು ಮುಂಚೂಣಿಯ ಆಟಗಾರರನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆಯುತ್ತಿದ್ದರು. ಆ ಪಾಂಡವರಲ್ಲಿ ಅಹಮದ್ ಖಾನ್ ಮತ್ತು ಧನರಾಜ್ ನಮ್ಮ ಬೆಂಗಳೂರಿನವರು! ಇಬ್ಬರೂ 1948ರ ಲಂಡನ್ ಒಲಿಂಪಿಕ್ಸಿನ ಭಾರತ ತಂಡದಲ್ಲಿ ಇದ್ದವರು. ಬಂಗಾಳದ ನಿರಾಶ್ರಿತರು ತಮ್ಮದೆಂದು ಎದೆಗಪ್ಪಿಕೊಂಡ ಬಣ್ಣವನ್ನು ಮೈಸೂರು ಸೀಮೆಯಿಂದ ಹೋದವರು ತೊಟ್ಟು ಗೆಲ್ಲಿಸಿದರು. ಅವರೂ ಪರಸ್ಥಳದವರೇ ಅಲ್ಲವೆ?

ಅದೇ ನಗರದ ಮೋಹನ್ ಬಗಾನಿನದು ಹಸಿರು ಮತ್ತು ಕಡುಗೆಂಪು. 1911ನೆಯ ಇಸವಿ ಜುಲೈ 29ರಂದು ಆ ಸಂಘದ ಹನ್ನೊಂದು ಜನರು, ಅವರಲ್ಲಿ ಒಬ್ಬನ ಹೊರತು ಮಿಕ್ಕವರೆಲ್ಲ ಬರಿಗಾಲಿನಲ್ಲಿ ಆಡಿ, ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬಿಳಿಯರನ್ನು 2–1ರಿಂದ ಸೋಲಿಸಿ ಐ. ಎಫ್. ಎ. ಶೀಲ್ಡನ್ನು ಗೆದ್ದರು. ದೂರ ನಿಂತ ಜನರಿಗೆ ಗೋಲಿನ ಲೆಕ್ಕವನ್ನು ಗಾಳಿಪಟ ಹಾರಿಸಿ ತಿಳಿಸಬೇಕಾಯಿತೆಂದರೆ ಸೇರಿದ್ದ ಜನಸಂದಣಿಯನ್ನು ನೀವೇ ಊಹಿಸಿಕೊಳ್ಳಿ. ಕಾಲಿಗೆ ಬೂಟಿಲ್ಲದಿದ್ದರೂ ಮೈಮೇಲೆ ತಮ್ಮದೆಂಬ ಬಣ್ಣವಿತ್ತು.

ಬಣ್ಣವನ್ನು ಬೇಕೆಂದೇ ಯೋಚಿಸಿ ಆರಿಸಿದ ಪ್ರಸಂಗವೂ ಉಂಟು. ಇದು ಸಂಘದ ಮಾತಲ್ಲ, ದೇಶದ ಮಾತು. ಆದರೂ ಹೇಳದೆ ಬಿಡಲಾಗದು. ಬ್ರೆಜಿಲ್ ದೇಶದವರು 1950ರ ತನಕ ಬಿಳಿಯ ಅಂಗಿಯಲ್ಲಿ ಆಡುತ್ತಿದ್ದರು. ಆ ವರ್ಷದ ಜುಲೈ 16ರಂದು ತಮ್ಮದೇ ಮರಕಾನಾ ಮೈದಾನದಲ್ಲಿ ನೆರೆಯ ಉರುಗ್ವೆಗೆ 2–1ರಿಂದ ಸೋತು ವಿಶ್ವಕಪ್ಪನ್ನು ಕಳೆದುಕೊಂಡರು. ಬಿಳಿಯ ಅಂಗಿ ಅಪಶಕುನವೆನಿಸಿತು. 1953ರಲ್ಲಿ ವೃತ್ತಪತ್ರಿಕೆಯೊಂದು ಸ್ಪರ್ಧೆಯನ್ನು ಏರ್ಪಡಿಸಿ, ರಾಷ್ಟ್ರಧ್ವಜದ ನಾಲ್ಕು ಬಣ್ಣಗಳೂ ಹೊಸ ಉಡುಪಿನಲ್ಲಿ ಇರಬೇಕೆಂದು ಕರಾರು ಹಾಕಿತು. ಗೆದ್ದವನು ಹದಿಹರೆಯದ ತರುಣ, ಅಲ್ದಿರ್ ಶ್ಲೀ. ಹಳದಿ ಅಂಗಿ, ಹಸಿರು ಅಂಚು, ನೀಲಿ ಚಡ್ಡಿ, ಬಿಳಿಯ ಕಾಲುಚೀಲ. ತಮಾಷೆಯೆಂದರೆ, ಆ ತರುಣನ ಊರು ಉರುಗ್ವೆಯ ಗಡಿಯಲ್ಲಿತ್ತು. ಆತನ ಮನಸ್ಸು ಕೊನೆಯವರೆಗೂ ಉರುಗ್ವೆಯ ತಂಡದ ಕಡೆಗೇ ವಾಲುತ್ತಿತ್ತಂತೆ. ಇದನ್ನು ಓದಿ ಹೊರಗಿನವರು ಬೆರಗಾಗಬಹುದು. ಅಕ್ಕಲಕೋಟೆ, ಜತ್ತಗಳ ಕಡೆಯಿಂದ ಬಂದ ನಮ್ಮ ಮಕ್ಕಳಿಗೆ ಇದರಲ್ಲಿ ಬೆರಗು ಕಾಣಲಾರದು.

ಕೆಲವೊಮ್ಮೆ ಯೋಚನೆ ಎಡವುದೂ ಉಂಟು. 1996ರ ಏಪ್ರಿಲ್ 13ರಂದು ಮ್ಯಾಂಚೆಸ್ಟರ್ ಯುನೈಟೆಡ್ ತಂಡದವರು ಬೂದುಬಣ್ಣದ ಹೊಸ ಅಂಗಿ ತೊಟ್ಟು ಸೌತಾಂಪ್ಟನ್ನಿನಲ್ಲಿ ಆಡಿದರು. ಅರ್ಧ ಆಟ ಮುಗಿಯುವಷ್ಟರಲ್ಲಿ ಮೂರು ಗೋಲುಗಳಿಂದ ಹಿಂದೆ ಬಿದ್ದರು. ಜನರ ಗುಂಪಿನ ಹಿನ್ನೆಲೆಯಲ್ಲಿ ಬೂದು ಅಂಗಿಯ ತಮ್ಮವರೇ ಕಾಣಿಸುತ್ತಿಲ್ಲವೆಂದು ವಿರಾಮದಲ್ಲಿ ನೀಲಿ ಬಿಳಿಯ ಅಂಗಿಗಳನ್ನು ತೊಟ್ಟು ಬಂದರು. ಕೊನೆಗೆ 3–1ರಿಂದ ಸೋತರು. ಆ ಬೂದು ಅಂಗಿಯಲ್ಲಿ ಆಡಿದ ಐದು ಪಂದ್ಯಗಳಲ್ಲಿ ಒಂದನ್ನೂ ಅವರು ಗೆಲ್ಲಲಿಲ್ಲ. ಅಂಗಡಿಯಲ್ಲಿ ಮಾರಲು ಒಪ್ಪುವ ಬಣ್ಣ ಮೈದಾನಕ್ಕೆ ಒಪ್ಪದೆ ಹೋಗಬಹುದು. ನಮ್ಮ ಎಂಟನೆಯ ತರಗತಿಯವರು ಇದನ್ನು ಯಾರೂ ಹೇಳದೆಯೇ ಬಲ್ಲರು.

ಮಾರಾಟದ ಮಾತು ಬಂದಿತು. 1998ರಲ್ಲಿ ಬೆಂಗಳೂರಿನ ಮದ್ಯೋದ್ಯಮ ಸಮೂಹವೊಂದು ಕಲಕತ್ತೆಯ ಆ ಎರಡೂ ಬದ್ಧವೈರಿ ಸಂಘಗಳಿಗೆ ಹಣ ಹೂಡಿ, ಅವುಗಳ ಹೆಸರಿನ ಮುಂದೆ ತನ್ನ ಸರಕುಗಳ ಹೆಸರನ್ನು ಸೇರಿಸಿತು. ಹೆಸರು ಉದ್ದವಾಯಿತು, ಅಂಗಿಯ ಬಣ್ಣವನ್ನು ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. 2020ರಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಬಂದಿತು. ಮೋಹನ್ ಬಗಾನಿನ ಕಾಲ್ಚೆಂಡು ತಂಡವು ಎ. ಟಿ. ಕೆ. ಎಂಬ ಹೊಸ ಸಂಘದೊಡನೆ ಒಂದಾಯಿತು. ಎ. ಟಿ. ಕೆ.ಯ ಬಣ್ಣ ಕೆಂಪು ಬಿಳಿ. ಹಣದ ಬಲವೂ ಅದರ ಕಡೆಗೇ. ಹಸಿರು ಕಡುಗೆಂಪು ಅಳಿಯುವುದೋ ಎಂದು ಜನ ಕಳವಳಗೊಂಡರು. ಜುಲೈ ತಿಂಗಳಲ್ಲಿ ಆಡಳಿತ ಮಂಡಳಿ ಸೇರಿ ಹಳೆಯ ಬಣ್ಣವನ್ನೇ ಉಳಿಸಿಕೊಳ್ಳುವುದಾಗಿ ಸಾರಿತು. ಹೆಸರಿಗೆ ಅಂಟಿದ್ದ ಮೂರು ಅಕ್ಷರಗಳೂ 2023ರಲ್ಲಿ ಕಳಚಿದವು. ಹಣ ಕೊಟ್ಟವರು ಸಂಘವನ್ನು ಕೊಂಡುಕೊಳ್ಳಬಹುದು. ಬಣ್ಣದ ಲೆಕ್ಕ ಬೇರೆಯೆಂದು ನಮಗೆ ತೋರುತ್ತದೆ. ಆದರೆ ಆ ಬಣ್ಣದ ಬೆನ್ನಿಗೆ ನಿಲ್ಲಲು ನೂರು ವರ್ಷಗಳ ಜನ ಬೇಕು.

ನಮ್ಮ ಪುಣೆಗೆ ಆ ಅವಕಾಶವೇ ದೊರೆಯಲಿಲ್ಲ. 2007ರಲ್ಲಿ ಹುಟ್ಟಿದ ಪುಣೆ ಎಫ್. ಸಿ. ಸಂಘವು ಐ–ಲೀಗಿನಲ್ಲಿ ಒಮ್ಮೆ ಎರಡನೆಯ ಸ್ಥಾನವನ್ನು ಪಡೆದಿತ್ತು. 2015ರಲ್ಲಿ ಅದರ ತಂಡ ನಿಂತುಹೋಯಿತು. ಭಾರತ್ ಎಫ್. ಸಿ. ಎಂಬುದು ಒಂದೇ ಋತುವಿನ ಅತಿಥಿ. 2014ರಲ್ಲಿ ಎಫ್. ಸಿ. ಪುಣೆ ಸಿಟಿ ಬಂದಿತು. ಅದರ ಅಭಿಮಾನಿಗಳು ಕಿತ್ತಳೆ ಬಣ್ಣ ತೊಟ್ಟು ತಮ್ಮನ್ನು ಕಿತ್ತಳೆ ಸೈನ್ಯವೆಂದು ಕರೆದುಕೊಂಡರು. 2018ರ ಮಾರ್ಚ್ 7ರಂದು ಬಾಲೇವಾಡಿಯ ಮೈದಾನದಲ್ಲಿ ಸೆಮಿಫೈನಲಿನ ಮೊದಲ ಪಂದ್ಯ. ಎದುರಾಳಿ ಯಾರು? 2013ರಲ್ಲಿ ಹುಟ್ಟಿ, ಮೊದಲ ಋತುವಿನಲ್ಲಿಯೇ ಐ–ಲೀಗನ್ನು ಗೆದ್ದ ನೀಲಿ ಅಂಗಿಯ ಬೆಂಗಳೂರು ಎಫ್. ಸಿ.!

ನಾವು ಆಗ ಈ ಊರಿಗೆ ಬಂದ ಹೊಸತು. ಕೆಲವು ವಿದ್ಯಾರ್ಥಿಗಳೊಡನೆ ಪಂದ್ಯಕ್ಕೆ ಹೋಗಿದ್ದೆವು. ಕನ್ನಡ ಶಾಲೆಯ ಮಕ್ಕಳು ನೀಲಿಯ ಕಡೆಗೇ ಇರುವರೆಂದು ನಾವು ಭಾವಿಸಿದ್ದೆವು, ಬೆಂಗಳೂರು ನಮ್ಮದಲ್ಲವೆ? ಬಸ್ಸಿನಿಂದ ಇಳಿಯುವಾಗ ನೋಡುತ್ತೇವೆ, ನೀಲಿ ತೊಟ್ಟವರು ಇಬ್ಬರು, ಉಳಿದವರೆಲ್ಲ ಕಿತ್ತಳೆ. ಅವರಲ್ಲಿ ಒಬ್ಬನು, “ಸರ್, ಬೆಂಗಳೂರು ನಾ ನೋಡೇ ಇಲ್ಲರಿ” ಎಂದನು. ನಮಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ವಿಜಯಪುರದ ಕಡೆಯ ನಾವೂ ಬೆಂಗಳೂರನ್ನು ನೋಡಿದ್ದು ಎರಡೇ ಸಲ. ಪಂದ್ಯದಲ್ಲಿ ಗೋಲುಗಳೇ ಆಗಲಿಲ್ಲ. ನಾಲ್ಕು ದಿನಗಳ ಬಳಿಕ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೇತ್ರಿಯ ಮೂರು ಗೋಲುಗಳಿಂದ ಬೆಂಗಳೂರು 3–1ರಿಂದ ಗೆದ್ದಿತು. ಮರುದಿನ ತರಗತಿಯಲ್ಲಿ ನೀಲಿಯವರಿಬ್ಬರೂ ಮೆಲ್ಲಗೆ ನಗುತ್ತಿದ್ದರು, ಕಿತ್ತಳೆಯವರು ನಮ್ಮ ಕಡೆ ನೋಡಲೇ ಇಲ್ಲ.

2019ರಲ್ಲಿ ಎಫ್. ಸಿ. ಪುಣೆ ಸಿಟಿ ಮುಚ್ಚಿಹೋಯಿತು. ಲೀಗಿನಲ್ಲಿ ಅದರ ಸ್ಥಾನವು ಹೈದರಾಬಾದಿಗೆ ಹೋಯಿತು. ಹೊಸ ತಂಡದ ಬಣ್ಣ ಹಳದಿ ಮತ್ತು ಕಪ್ಪಾಗಿತ್ತು. ಬೆಂಗಳೂರನ್ನು ನೋಡದ ಆ ಹುಡುಗನು ಈಗ ಶಾಲೆ ಬಿಟ್ಟು ಕೆಲಸಕ್ಕೆ ಹೋಗುತ್ತಾನೆ. ಮೊನ್ನೆ ಆಟದ ಅವಧಿಯಲ್ಲಿ ಐದನೆಯ ತರಗತಿಯ ಬಾಲಕನೊಬ್ಬನು ಮಾಸಿದ, ಮೊಣಕಾಲಿನವರೆಗೆ ಇಳಿಬಿದ್ದ ಕಿತ್ತಳೆ ಅಂಗಿಯನ್ನು ತೊಟ್ಟು ಓಡುತ್ತಿದ್ದುದನ್ನು ಕಂಡೆವು. ಎದೆಯ ಮೇಲಿನ ಲಾಂಛನ ಅರ್ಧ ಕಿತ್ತುಹೋಗಿತ್ತು. ಕರೆದು, ಇದು ಯಾವ ತಂಡದ ಅಂಗಿಯೆಂದು ಕೇಳಿದೆವು.

“ನಮ್ಮ ಅಣ್ಣಂದರಿ ಸರ್” ಎಂದು ಹೇಳಿ, ಚೆಂಡಿನ ಹಿಂದೆ ಓಡಿಹೋದನು.