ಮಠದ ಓಲೆಗರಿ, ವಿಶ್ವವಿದ್ಯಾಲಯದ ವಿಧಾನ

ದೇಶೀ ಪಾಂಡಿತ್ಯ ಮತ್ತು ಪಾಶ್ಚಾತ್ಯ ಸಂಶೋಧನ ವಿಧಾನ ಎರಡರಲ್ಲೂ ಪಳಗಿ ಕೆಲಸ ಮಾಡಿದ ವಿದ್ವಾಂಸರಲ್ಲಿ ಕೊಲ್ಲಾಪುರದ ಡಾ. ಆದಿನಾಥ ನೇಮಿನಾಥ ಉಪಾಧ್ಯೆ (1906–1975) ಅಗ್ರಗಣ್ಯರು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಅವರು 1930ರಲ್ಲಿ ಕೊಲ್ಲಾಪುರದ ರಾಜಾರಾಮ ಕಾಲೇಜಿಗೆ ಅರ್ಧಮಾಗಧಿ ಅಧ್ಯಾಪಕರಾಗಿ ಬಂದು, ಮೂರು ದಶಕ ಅಲ್ಲೇ ಕಲಿಸಿದರು. ಮುಂಬಯಿ ವಿಶ್ವವಿದ್ಯಾಲಯದ ಡಿ.ಲಿಟ್. ಪದವಿ ಅವರಿಗೆ 1939ರಲ್ಲಿ ದೊರೆಯಿತು.

ಇಂಥ ಅಧ್ಯಯನಕ್ಕೆ ಈ ಸೀಮೆ ಹದವಾದ ನೆಲ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಸುತ್ತಿನ ಊರುಗಳಲ್ಲಿ ಮರಾಠಿಯ ಜೊತೆಗೆ ಕನ್ನಡವೂ ಬಳಕೆಯಲ್ಲಿದೆ. ಕೊಲ್ಲಾಪುರದ ಲಕ್ಷ್ಮೀಸೇನ ಭಟ್ಟಾರಕರ ಜೈನ ಮಠದಲ್ಲಿ ಓಲೆಗರಿ ಗ್ರಂಥಗಳು ತಲೆಮಾರುಗಳಿಂದ ಉಳಿದುಬಂದಿದ್ದವು.

ಮಠದ ಕಲಿಕೆಯಲ್ಲಿ ಶಿಷ್ಯರು ಗಾಥೆಗಳನ್ನು ಬಾಯಿಪಾಠ ಮಾಡಿ, ಟೀಕೆಗಳ ನೆರವಿನಿಂದ ಅರ್ಥ ತಿಳಿದು, ತಿಳಿದದ್ದನ್ನು ವ್ರತಾಚರಣೆಗೆ ತರುತ್ತಿದ್ದರು. ಯೂರೋಪಿನಲ್ಲಿ ಬೆಳೆದ ಗ್ರಂಥಸಂಪಾದನೆಯ ರೀತಿ ಬೇರೆ. ದೊರೆತ ಪ್ರತಿಗಳನ್ನೆಲ್ಲ ಸಾಲುಸಾಲಾಗಿ ಹೋಲಿಸುವುದು, ಲಿಪಿಕಾರರ ತಪ್ಪುಗಳನ್ನು ಗುರುತಿಸುವುದು, ಪಾಠಾಂತರಗಳನ್ನು ಅಡಿಯಲ್ಲಿ ಕೊಡುವುದು, ಭಾಷೆ, ಛಂದಸ್ಸು, ಶಾಸನಗಳ ಆಧಾರದಿಂದ ಕಾಲ ನಿರ್ಣಯಿಸುವುದು ಅದರ ಕ್ರಮ.

ಇವೆರಡೂ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ‘ವರಾಂಗಚರಿತ’ ಒಳ್ಳೆಯ ನಿದರ್ಶನ. 31 ಸರ್ಗಗಳ ಈ ಸಂಸ್ಕೃತ ಕಾವ್ಯವನ್ನು ಹಿಂದಿನ ಕವಿಗಳು ಹೊಗಳಿದ್ದರೂ ಅದರ ಪಠ್ಯ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ಕರ್ತೃ ರವಿಷೇಣನೆಂಬ ಊಹೆಯೂ ಇತ್ತು. ಲಕ್ಷ್ಮೀಸೇನ ಮಠದ ಓಲೆಗರಿಯಲ್ಲಿ ಕಾವ್ಯ ಉಪಾಧ್ಯೆಯವರಿಗೆ ದೊರೆಯಿತು. ಅದನ್ನು ಬರೆದವನು ಜಟಾಸಿಂಹನಂದಿ ಎಂದು ತೋರಿಸಲು ಅವರಿಗೆ ಒದಗಿದ್ದು ಕನ್ನಡದ ಆಧಾರಗಳು: ಚಾವುಂಡರಾಯಪುರಾಣ ಮತ್ತು ಅವನನ್ನು ಜಟಾಚಾರ್ಯನೆಂದು ನೆನೆದ ಕನ್ನಡ ಕವಿಗಳು. ಜಟಾಸಿಂಗನಂದಿಯ ಪಾದಗಳನ್ನು ಕೆತ್ತಿಸಿದ ಸಂಗತಿಯನ್ನು ಕೊಪ್ಪಳದ ಕನ್ನಡ ಶಾಸನವೂ ಹೇಳುತ್ತದೆ. ಗ್ರಂಥ 1938ರಲ್ಲಿ ಪ್ರಕಟವಾಯಿತು.

1943ರಲ್ಲಿ ಅವರು ಸಂಪಾದಿಸಿದ ಹರಿಷೇಣನ ‘ಬೃಹತ್ಕಥಾಕೋಶ’ದಿಂದ ಕನ್ನಡಕ್ಕೆ ನೇರ ಲಾಭವಾಯಿತು. ಹಳಗನ್ನಡದ ‘ವಡ್ಡಾರಾಧನೆ’ಯ ಕಥೆಗಳು ಪ್ರಾಕೃತದ ‘ಭಗವತೀ ಆರಾಧನೆ’ಯ ವ್ಯಾಖ್ಯಾನ ಪರಂಪರೆಗೆ ಹೇಗೆ ಸೇರುತ್ತವೆ ಎಂಬುದನ್ನು ಅದರ ಇಂಗ್ಲಿಷ್ ಪ್ರಸ್ತಾವನೆ ಚರ್ಚಿಸುತ್ತದೆ.

ಪರಂಪರೆಯ ಮಾತನ್ನು ಉಪಾಧ್ಯೆ ಕಣ್ಣುಮುಚ್ಚಿ ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ಕುಂದಕುಂದಾಚಾರ್ಯರ ‘ಪ್ರವಚನಸಾರ’ದ 1935ರ ಆವೃತ್ತಿಯಲ್ಲಿ ಪಟ್ಟಾವಳಿಗಳು ಹೇಳುವ ಗುರುಪರಂಪರೆಯನ್ನು ಅವರು ಶಾಸನಗಳೊಂದಿಗೂ ಇತರ ಗ್ರಂಥಗಳೊಂದಿಗೂ ಒರೆಹಚ್ಚಿದರು. ಆಚಾರ್ಯರ ಕಾಲ ಕ್ರಿಸ್ತಶಕದ ಆರಂಭದ ಸುಮಾರಿಗೆ ಎಂಬ ನಿರ್ಣಯಕ್ಕೆ ಬಂದದ್ದು ಆ ಬಳಿಕವೇ.

ಉಪಾಧ್ಯೆ ಕಲಿಸುತ್ತಿದ್ದ ರಾಜಾರಾಮ ಕಾಲೇಜಿನಲ್ಲೇ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು 1939ರಲ್ಲಿ ಹೊರತಂದರು. ಮುಂದೆ ಇಬ್ಬರೂ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು: ಕುಂದಣಗಾರರು 1961ರಲ್ಲಿ ಗದಗದಲ್ಲಿ, ಉಪಾಧ್ಯೆ 1967ರಲ್ಲಿ ಶ್ರವಣಬೆಳಗೊಳದಲ್ಲಿ.

1962ರಲ್ಲಿ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕೊಲ್ಲಾಪುರದಲ್ಲೇ ಡಾಕ್ಟರೇಟ್ ಅಧ್ಯಯನಕ್ಕೆ ಅನುಕೂಲವಾಯಿತು. ಈ ಹಾದಿ ಹಿಡಿಯುವ ವಿದ್ಯಾರ್ಥಿಗೆ ಹಳಗನ್ನಡ ಲಿಪಿಯ ಓದು, ಪ್ರಾಕೃತ ಮತ್ತು ಸಂಸ್ಕೃತ, ಗ್ರಂಥಸಂಪಾದನೆಯ ಶಿಸ್ತು ಎಲ್ಲವೂ ಬೇಕು. ಪರಂಪರೆಯನ್ನು ಬಲ್ಲ ಹಿರಿಯರ ಒಡನಾಟವೂ ಅಷ್ಟೇ ಅಗತ್ಯ. ಲಿಪಿ ಬಾರದವರಿಗೆ ಓಲೆಗರಿ ತೆರೆದುಕೊಳ್ಳುವುದಿಲ್ಲ. ಹೋಲಿಸಿ ನೋಡುವ ಶಿಸ್ತಿಲ್ಲದಿದ್ದರೆ ಅದರಲ್ಲಿರುವ ತಪ್ಪೂ ಹಾಗೆಯೇ ಮುಂದುವರಿಯುತ್ತದೆ.