ಎತ್ತರ ಬದಲಿಸುವ ಮೇಜು: ಕೊಳ್ಳುವ ಮುನ್ನ ತಿಳಿದಿರಿ

ಕುತ್ತಿಗೆ, ಹೆಗಲು, ಸೊಂಟ ನೋವೆಂದು ಬರುವವರಲ್ಲಿ ಕಂಪ್ಯೂಟರ್ ಮುಂದೆ ಕೆಲಸ ಮಾಡುವವರು ಅನೇಕರು. ಎತ್ತರ ಬದಲಿಸುವ ಮೇಜು ಕೊಂಡರೆ ನೋವು ಹೋಗುತ್ತದೆಯೇ ಎಂದು ಅವರು ಕೇಳುವುದುಂಟು. ಮೇಜು ಔಷಧಿಯಲ್ಲ. ಆದರೆ ಅದನ್ನು ನಿಮ್ಮ ದೇಹಕ್ಕೆ ಸರಿಯಾಗಿ ಹೊಂದಿಸಿಕೊಂಡರೆ ಪ್ರಯೋಜನವಿದೆ.

ಸಾಮಾನ್ಯ ಮೇಜಿನ ಎತ್ತರ 29–30 ಇಂಚು. ಅಪ್ಪನಿಗೆ ಸರಿಹೋಗುವ ಆ ಎತ್ತರ ಹತ್ತು ವರ್ಷದ ಮಗಳಿಗೆ ಹೆಚ್ಚಾಗುತ್ತದೆ. ಅವಳು ಹೆಗಲು ಮೇಲೆತ್ತಿ ಬರೆಯಬೇಕಾಗುತ್ತದೆ.

ಇಂಥ ಮೇಜುಗಳಲ್ಲಿ ಮುಖ್ಯವಾಗಿ ನಾಲ್ಕು ವಿಧ:

1. ತೂತು ಮತ್ತು ಬೋಲ್ಟ್: ಒಂದು ಪೈಪಿನೊಳಗೆ ಇನ್ನೊಂದು ಪೈಪ್. ಬೇಕಾದ ತೂತಿಗೆ ಬೋಲ್ಟ್ ಹಾಕಿದರಾಯಿತು. ಮಕ್ಕಳು ಬೆಳೆದಂತೆ ಆಗಾಗ ಏರಿಸಲು ಇದೇ ಸಾಕು.

2. ಹಿಡಿ ತಿರುಗಿಸುವುದು: ಹಿಡಿ ತಿರುಗಿದಾಗ ಕಾಲಿನೊಳಗಿನ ಉದ್ದನೆಯ ಸ್ಕ್ರೂ ತಿರುಗಿ ಹಲಗೆಯನ್ನು ಎತ್ತುತ್ತದೆ. ನಿಧಾನ, ಆದರೆ ಕರೆಂಟ್ ಬೇಡ.

3. ಗ್ಯಾಸ್ ಸ್ಪ್ರಿಂಗ್: ಸಿಲಿಂಡರಿನಲ್ಲಿ ಒತ್ತಿ ತುಂಬಿದ ನೈಟ್ರೋಜನ್ ಹಲಗೆಯನ್ನು ಮೇಲಕ್ಕೆ ತಳ್ಳುತ್ತದೆ. ಲಿವರ್ ಒತ್ತಿದಾಗ ಅದರ ಹಿಡಿತ ಬಿಡುತ್ತದೆ. ಮೇಜಿನ ಮೇಲೆ ಭಾರ ಕಡಿಮೆಯಿದ್ದರೆ ಹಲಗೆ ಥಟ್ಟನೆ ಏಳಬಹುದು. ಆದ್ದರಿಂದ ಕೈಯಿಂದ ಹಿಡಿದುಕೊಂಡೇ ಲಿವರ್ ಒತ್ತಿ. ಸಿಲಿಂಡರನ್ನು ಎಂದೂ ಬಿಚ್ಚಬೇಡಿ, ಕೊರೆಯಬೇಡಿ.

4. ವಿದ್ಯುತ್ ಮೋಟಾರು: ಇಲ್ಲಿ ಸ್ಕ್ರೂವನ್ನು ಮೋಟಾರು ತಿರುಗಿಸುತ್ತದೆ. ಎರಡೂ ಕಾಲುಗಳಿಗೆ ಬೇರೆಬೇರೆ ಮೋಟಾರಿದ್ದರೆ ಅವು ಸಮನಾಗಿ ಏರುವಂತೆ ನೋಡಿಕೊಳ್ಳುವುದು ಕಂಟ್ರೋಲ್ ಬಾಕ್ಸ್‌ನ ಕೆಲಸ. ಏನಾದರೂ ಅಡ್ಡ ಬಂದರೆ ತಾನೇ ನಿಲ್ಲುವ ವ್ಯವಸ್ಥೆ ಕೆಲವದರಲ್ಲಿದೆ. ಅದು ಇದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಇದ್ದರೂ ಪೂರ್ತಿ ನಂಬಬೇಡಿ. ಮೇಜು ಇಳಿಸುವಾಗ ಮಗು ಕೆಳಗೆ ಕೂತಿಲ್ಲ, ಬೆರಳು ಸಂದಿನಲ್ಲಿಲ್ಲ ಎಂದು ನೋಡಿಕೊಳ್ಳಿ. ವೈರ್ ಎಳೆದಂತಾಗದೆ ಸಡಿಲವಾಗಿರಲಿ.

ಅಳತೆ ಹೀಗೆ: ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿರಲಿ. ಹೆಗಲು ಸಡಿಲ ಬಿಟ್ಟು ಮೊಣಕೈ ಮಡಚಿದಾಗ ಮುಂಗೈ ಮೇಜಿನ ಮಟ್ಟಕ್ಕೆ ಬರಬೇಕು. ನಿಂತಾಗಲೂ ಮೊಣಕೈಯೇ ಅಳತೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ.

ದೇಹದ ಚಲನೆ ಮತ್ತು ವಿಶ್ರಾಂತಿ, ಆರೋಗ್ಯಕ್ಕೆ ಅಗತ್ಯವೆಂದು ಯುನಾನಿ ಎಣಿಸುವ ಆರು ಸಂಗತಿಗಳಲ್ಲಿ ಒಂದು. ಯಾವುದು ಅತಿಯಾದರೂ ತೊಂದರೆಯೇ. ದಿನವಿಡೀ ಕೂತರೆ ಸೊಂಟ ಬಿಗಿಯುತ್ತದೆ, ದಿನವಿಡೀ ನಿಂತರೆ ಕಾಲು ಊದುತ್ತದೆ. ಅರ್ಧ ಗಂಟೆಗೊಮ್ಮೆ ಭಂಗಿ ಬದಲಿಸಿ, ನಾಲ್ಕು ಹೆಜ್ಜೆ ನಡೆಯಿರಿ. ದುಬಾರಿ ಮೇಜು ಕೊಂಡು ಒಂದೇ ಎತ್ತರದಲ್ಲಿ ಬಿಟ್ಟರೆ ಹಣ ದಂಡ.

ಕೊಳ್ಳಲು ಆಗದಿದ್ದರೆ ಚಿಂತೆ ಬೇಡ. ಮಗುವಿನ ಕುರ್ಚಿಗೆ ಗಟ್ಟಿ ದಿಂಬು, ಕಾಲ ಕೆಳಗೆ ಮಣೆ ಇಡಿ. ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು, ಕೀಬೋರ್ಡ್ ಬೇರೆ ಜೋಡಿಸಿ.

ಇಷ್ಟಾದರೂ ನೋವು ಕೈಗೋ ಕಾಲಿಗೋ ಇಳಿದರೆ, ಜೋಮು ಹಿಡಿದರೆ ಅಥವಾ ಬಲ ಕುಂದಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.