ಬೆಳಗಿನ ವಾಕಿಂಗ್ ಮಾಡಿದರೆ ‘ಆಕ್ಟಿವ್’ ಆದಂತೆಯೇ?

ಪ್ರಶ್ನೆ: ದಿನಾ ಒಂದು ಗಂಟೆ ನಡೆಯುತ್ತೇನೆ, ಉಳಿದಂತೆ ಕಂಪ್ಯೂಟರ್ ಮುಂದಿನ ಕೆಲಸ. ಕ್ಯಾಲೊರಿ ಆ್ಯಪ್‌ನಲ್ಲಿ ಯಾವ ಮಟ್ಟ ಆರಿಸಲಿ?
– ಓದುಗರೊಬ್ಬರು, ಅನ್ನಪೂರ್ಣೇಶ್ವರಿ ನಗರ

ಉತ್ತರ: ಕೆಳಗಿನದನ್ನೇ. ಬೇಸರವಾದರೂ ಲೆಕ್ಕ ಹಾಗಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ, 65 ಕಿಲೋ ತೂಕದ ಗಂಡಸಿಗೆ ಕೂತು ಮಾಡುವ ಕೆಲಸವಾದರೆ ದಿನಕ್ಕೆ 2,110 ಕಿಲೋಕ್ಯಾಲೊರಿ, ಮಧ್ಯಮ ಶ್ರಮಕ್ಕೆ 2,710, ಭಾರೀ ದುಡಿಮೆಗೆ 3,470. 55 ಕಿಲೋದ ಹೆಂಗಸಿಗೆ ಇವೇ ಅಂಕಿಗಳು 1,660, 2,130, 2,720. ಮೊದಲೆರಡು ಮೆಟ್ಟಿಲುಗಳ ನಡುವೆ ಗಂಡಸಿಗೆ 600ರ ಅಂತರ!

ಇನ್ನು ವಾಕಿಂಗ್. ಮಲ್ಲತ್ತಹಳ್ಳಿ ಕೆರೆಯ ಸುತ್ತ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆದರೆ, ಸುಮ್ಮನೆ ಕೂತಿದ್ದರೂ ಆಗುತ್ತಿದ್ದ ಖರ್ಚು ಕಳೆದು, ಹೆಚ್ಚುವರಿ ಸುಮಾರು 160. ವಿಶ್ರಾಂತಿಯಲ್ಲಿ ದೇಹಕ್ಕೆ ಬೇಕಾದ ಶಕ್ತಿಯನ್ನು 1 ಎಂದಿಟ್ಟುಕೊಂಡರೆ, ಕೂತು ಕೆಲಸ ಮಾಡುವವರ ಗುಣಕ 1.4, ಈ ನಡಿಗೆ ಅದನ್ನು 1.5ಕ್ಕೆ ಏರಿಸೀತು. ಮಧ್ಯಮ ಶ್ರಮದ 1.8 ಇನ್ನೂ ದೂರ. ದಿನವಿಡೀ ಬೀದಿ ಗುಡಿಸುವ ಪೌರಕಾರ್ಮಿಕರು, ಮೂರನೇ ಮಹಡಿಗೆ ಸಿಮೆಂಟ್ ಬಾಂಡ್ಲಿ ಹೊರುವ ಗಾರೆ ಆಳುಗಳು ಆ ಕಡೆಯವರು. ವಾಕಿಂಗ್ ಮುಗಿಸಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುವವರಲ್ಲ.

ಆ್ಯಪ್‌ನಲ್ಲಿ ಇನ್ನೊಂದು ಎಡವಟ್ಟೂ ಉಂಟು. ‘ಆಕ್ಟಿವ್’ ಎಂದು ಆರಿಸಿ, ವಾಕಿಂಗನ್ನೂ ಬೇರೆಯಾಗಿ ದಾಖಲಿಸಿದರೆ ಅದೇ ನಡಿಗೆ ಎರಡು ಸಲ ಜಮೆಯಾಗುತ್ತದೆ. ಇವೆಲ್ಲ ಸರಾಸರಿ ಅಂದಾಜುಗಳು. ಹಾಗಾಗಿ ಮೂರು ವಾರ ಅದೇ ಗುರಿಯಲ್ಲಿ ಉಂಡು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ಬೇಡದಿದ್ದರೂ ಇಳಿಯುತ್ತಿದ್ದರೆ 100–150 ಸೇರಿಸಿ, ಏರುತ್ತಿದ್ದರೆ ಅಷ್ಟೇ ಕಳೆಯಿರಿ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಗುರಿ ಇಟ್ಟುಕೊಳ್ಳಬೇಕು.